ಭೀಮನಿಗೆ ಕತ್ತಿ, ಭಾಗವತರಿಗೆ ತಾಳ

ಕುಂಭಾಶಿ: ಅಗಸ್ತ್ಯರ ಯಜ್ಞ ಕೆಡಿಸಿದ ಕುಂಭಾಸುರನ ವಧೆಗೆ ಆನೆಗುಡ್ಡೆ ಗಣಪತಿ ಭೀಮನಿಗೆ ಕತ್ತಿ ಕೊಟ್ಟ, ಕುಂಭ, ಅಸಿ ಸೇರಿ ಊರು ಕುಂಭಾಶಿಯಾಯಿತು ಎನ್ನುತ್ತದೆ ಸ್ಥಳಪುರಾಣ. ಭೀಮ ಗೆಲ್ಲುತ್ತಾನೆಂದು ಮಕ್ಕಳಿಗೂ ಗೊತ್ತು. ಮತ್ತೆ ಇಂಥ ಕತೆಗಳ ಬಯಲಾಟವನ್ನು ನಿದ್ದೆಗೆಟ್ಟು ನೋಡುವುದು ಎಂತಕ್ಕೆ?

ಹೇಗೆ ಗೆಲ್ಲುತ್ತಾನೆಂದು ನೋಡಲಿಕ್ಕೆ! ಯಕ್ಷಗಾನದಲ್ಲಿ ಪದ್ಯಕ್ಕೆ ಪ್ರಸಂಗ ಪುಸ್ತಕವುಂಟು; ಮಾತು ವೇಷಧಾರಿಯದ್ದೇ, ಆ ಹೊತ್ತಿನದ್ದೇ. ರಕ್ಕಸ ಅಬ್ಬರಿಸಿ ಸಭೆ ಬೆಚ್ಚಿದಾಗ ಹಾಸ್ಯಗಾರ ಒಂದು ಚಟಾಕಿ ಹಾರಿಸಿದರೆ ಜನ ಉಸಿರು ಬಿಡುತ್ತಾರೆ. ನಾಲ್ಕು ಹಾರಿಸಿದರೆ? ರಕ್ಕಸ ಹೋಗಿ ಬರೀ ಬಣ್ಣ ಉಳಿಯುತ್ತದೆ. ಅವನು ಸಣ್ಣವನಾದರೆ ಕೊಂದ ಭೀಮನೂ ಸಣ್ಣವನೇ.

ಲಗಾಮು ಭಾಗವತರ ಕೈಲಿ. ಅವರನ್ನು ಮೊದಲನೇ ವೇಷಧಾರಿ ಎನ್ನುವುದು ಸುಮ್ಮನಲ್ಲ. ಮಾತು ಹಳಿ ತಪ್ಪಿತೋ, ಮುಂದಿನ ಪದ್ಯ ಎತ್ತುತ್ತಾರೆ. ಚಂಡೆ ಏರುತ್ತದೆ, ಹರಟೆ ಬಂದ್!

1981ರಲ್ಲಿ ಅಮೆರಿಕದಲ್ಲಿ 'ಚಾಂಪಿಯನ್ಸ್' ಎಂಬ ಆಟ ಬಂತು. ಮೇಜಿನ ಸುತ್ತ ಕೂತವರು ಸೂಪರ್‌ಹೀರೋಗಳಾಗಿ ಮಾತಿನಲ್ಲೇ ಕತೆ ಕಟ್ಟುವುದು. ಅಲ್ಲೂ ಆಟ ನಡೆಸುವವನಿಗೆ ಇದೇ ಪಜೀತಿ: ನಗು ಎಷ್ಟು, ವೀರ ಎಷ್ಟು?

ಹಾಸ್ಯ ಬೇಡವೆಂದಲ್ಲ. ಕಾಲಮಿತಿಯ ಆಟದಲ್ಲಿ ಪೋಲು ಮಾಡಲು ಹೊತ್ತಿಲ್ಲ. ಚಪ್ಪಾಳೆಗೆ ಸೋತು ಭಾಗವತರು ತಾಳ ಕೆಳಗಿಟ್ಟರೆ, ಗಣಪತಿಯ ಕತ್ತಿಯೂ ಭೀಮನನ್ನು ಕಾಯಲಾರದು.