ಮುಂಗಡ ಕೇಳದ ಆಸ್ಪತ್ರೆ ದಾನ ಮಾಡುತ್ತಿದೆಯೇ?

ಬೀರೂರಿಗೆ ಒಂದು ಕಡೆ ಶಿವಮೊಗ್ಗ–ತುಮಕೂರು ಹೆದ್ದಾರಿ, ಇನ್ನೊಂದು ಕಡೆ ರೈಲು ಜಂಕ್ಷನ್. ಅಪಘಾತದ ಸುದ್ದಿ ಇಲ್ಲಿ ಹೊಸದಲ್ಲ. ಹಣ ಕಟ್ಟಿಸಿಕೊಳ್ಳದೆ ಗಾಯಾಳುವನ್ನು ಒಳಗೆ ಕರೆದುಕೊಂಡ ಖಾಸಗಿ ಡಾಕ್ಟರನ್ನು ಜನ ಪುಣ್ಯಾತ್ಮ ಎನ್ನುತ್ತಾರೆ. ಅನ್ನಲಿ. ಆದರೆ ಆ ಮೊದಲ ಚಿಕಿತ್ಸೆ ದಾನವೆಂಬುದು ತಪ್ಪು ಕಲ್ಪನೆ.

ಕಾರು ಡಿಕ್ಕಿ ಹೊಡೆದ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆಗೆ ಒಯ್ದಾಗ, ಪೊಲೀಸ್ ಪ್ರಕರಣ ನಾವು ನೋಡುವುದಿಲ್ಲವೆಂದು 20 ಕಿಲೋಮೀಟರ್ ಆಚೆಯ ಆಸ್ಪತ್ರೆಗೆ ಅಟ್ಟಿದರು. ಆತ ದಾರಿಯಲ್ಲೇ ತೀರಿಕೊಂಡ. ಈ ಸುದ್ದಿ ಓದಿ ಪರಮಾನಂದ ಕಟಾರಾ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸುವುದು ಪ್ರತಿ ವೈದ್ಯರ ಹೊಣೆ, ಪೊಲೀಸ್ ವಿಧಿವಿಧಾನ ಆಮೇಲೆ ಎಂದು 1989ರಲ್ಲಿ ತೀರ್ಪು ಬಂತು. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ (2007) ಅಪಘಾತ, ಸುಟ್ಟಗಾಯ, ವಿಷಪ್ರಾಶನದಲ್ಲಿ ಪ್ರಥಮ ಚಿಕಿತ್ಸೆಯನ್ನು ಕಡ್ಡಾಯ ಮಾಡಿದೆ. ತುರ್ತಿನಲ್ಲಿ ಮುಂಗಡಕ್ಕೆ ಪಟ್ಟು ಹಿಡಿಯಬಾರದು, ಬಾಕಿಗಾಗಿ ಶವ ತಡೆಯಬಾರದು ಎಂದು 2017ರ ತಿದ್ದುಪಡಿ ಹೇಳುತ್ತದೆ.

ಸರ್ಕಾರಿ ಆಸ್ಪತ್ರೆಯೂ "ಹಾಸಿಗೆ ಇಲ್ಲ" ಎಂದು ಕೈತೊಳೆದುಕೊಳ್ಳುವಂತಿಲ್ಲ. ಬಂಗಾಳದಲ್ಲಿ ರೈಲಿನಿಂದ ಬಿದ್ದ ಕಾರ್ಮಿಕನನ್ನು ಸರ್ಕಾರಿ ಆಸ್ಪತ್ರೆಗಳು ಒಂದರ ಹಿಂದೊಂದು ತಿರಸ್ಕರಿಸಿದ್ದಕ್ಕೆ 1996ರಲ್ಲಿ ಸುಪ್ರೀಂ ಕೋರ್ಟು 25,000 ರೂಪಾಯಿ ಪರಿಹಾರ ಕೊಡಿಸಿತು.

ಹಾಗೆಂದು ಇಡೀ ಚಿಕಿತ್ಸೆ ಪುಕ್ಕಟೆ ಎಂದುಕೊಳ್ಳುವುದೂ ತಪ್ಪೇ. ಜೀವಾಪಾಯ ತಪ್ಪಿಸಿ, ಸೌಲಭ್ಯವಿಲ್ಲದಿದ್ದರೆ ಮುಂದಿನ ಆಸ್ಪತ್ರೆಗೆ ಕಳಿಸುವವರೆಗಿನ ಹೊಣೆ ಅದು. ಬಿಲ್ಲು ಆಮೇಲೆ ಬರುತ್ತದೆ. "ಆದೇಶ ನಿಮ್ಮದು, ಖರ್ಚು ನಮ್ಮದೇ?" ಎಂಬ ಸಣ್ಣ ನರ್ಸಿಂಗ್ ಹೋಮುಗಳ ತಕರಾರಿನಲ್ಲಿ ನ್ಯಾಯವಿದೆ. ಅದಕ್ಕೆ ಉತ್ತರ ತಡವಾಗಿ ಬಂತು: ರಸ್ತೆ ಅಪಘಾತವಾದರೆ ಏಳು ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ ಜಾರಿಯಾದದ್ದು 2025ರ ಮೇನಲ್ಲಿ.

ಕಾನೂನು ಬಂದರೆ ದಾನಕ್ಕೆ ಜಾಗವೆಲ್ಲಿ ಎನ್ನುವವರು ರಕ್ತನಿಧಿಯನ್ನು ನೋಡಬೇಕು. ರಕ್ತ ಕೊಡಿ ಎಂದು ಯಾವ ಕಾಯ್ದೆಯೂ ಒತ್ತಾಯಿಸುವುದಿಲ್ಲ. ದುಡ್ಡಿಗೆ ರಕ್ತ ಮಾರುವುದಂತೂ 1998ರಿಂದ ನಿಷಿದ್ಧ. ಅಲ್ಲಿ ನಡೆಯುವುದು ದಾನವೊಂದೇ.

"ಗಾಯಾಳುವನ್ನು ಮುಟ್ಟಿದರೆ ಕೋರ್ಟು ಅಲೆಯಬೇಕು" ಎಂಬ ಭಯವನ್ನೂ ಬಿಡಿ. ನೆರವಾದವರಿಗೆ ರಕ್ಷಣೆ ಕೊಡುವ ಕಾಯ್ದೆಯನ್ನು ಕರ್ನಾಟಕ ಮಾಡಿದೆ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಸೇರಿಸಿ. ಮುಂಗಡವಿಲ್ಲದೆ ಮುಟ್ಟುವುದಿಲ್ಲ ಎಂದರೆ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿನಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ.