ಮರೆತ ಪಂಚ್‌ಗೆ ಶಂಖಪುಷ್ಪದ ಬಣ್ಣ

ನಮ್ಮ ಹೆಚ್ಚಿನ ಪರ್ಮಿಟ್ ರೂಮುಗಳಲ್ಲಿ ಜಿನ್ ಬಾಟಲಿ ಇರುವುದು ಮೇಲಿನ ಶೆಲ್ಫಿನಲ್ಲಿ, ಧೂಳು ಹಿಡಿದುಕೊಂಡು. ವ್ಹಿಸ್ಕಿ ಓಡುತ್ತದೆ, ರಮ್ ಓಡುತ್ತದೆ, ಬಿಯರಿನ ಮಾತು ಹೇಳುವುದೇ ಬೇಡ. ಜಿನ್ ಕೇಳುವವರು ವಾರಕ್ಕೆ ಒಬ್ಬರೋ ಇಬ್ಬರೋ. ಆದರೆ ಹೊರಗೆ ಲೋಕ ಬದಲಾಗಿದೆ. 2017ರಲ್ಲಿ ಗ್ರೇಟರ್ ದ್ಯಾನ್, 2018ರಲ್ಲಿ ಹಪುಸಾ ಮತ್ತು ಸ್ಟ್ರೇಂಜರ್ ಆಂಡ್ ಸನ್ಸ್, ಹೀಗೆ ಗೋವಾದಲ್ಲೇ ತಯಾರಾಗುವ ಜಿನ್‌ಗಳು ಮಾರುಕಟ್ಟೆಗೆ ಬಂದವು. ದೊಡ್ಡ ಹೋಟೆಲುಗಳ ಬಾರಿನಲ್ಲಿ ಯುವಕ ಯುವತಿಯರು ಅದನ್ನೇ ಕೇಳಿ ಕುಡಿಯುತ್ತಾರೆ. ಆ ಗಿರಾಕಿ ನಮ್ಮ ಮೆಟ್ಟಿಲು ಮಾತ್ರ ಹತ್ತುತ್ತಿಲ್ಲ.

ನಮ್ಮ ಹಳೆಯ ಗಿರಾಕಿಯೂ ಕೈಬಿಡುತ್ತಿದ್ದಾನೆ ಎಂಬುದನ್ನು ಗಲ್ಲಾದಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ 2023ರ ನವೆಂಬರಿನಿಂದ ಪರ್ಮಿಟ್ ರೂಮಿನ ಮದ್ಯದ ಮೇಲಿನ ವ್ಯಾಟ್ ಶೇ. 5ರಿಂದ 10ಕ್ಕೆ ಏರಿತು. 2025ರಲ್ಲಿ ಅಬಕಾರಿ ಸುಂಕವೂ ಏರಿತು. ಆ ವರ್ಷ ಜುಲೈ 14ರಂದು ನಾವೆಲ್ಲ ಬಾಗಿಲು ಮುಚ್ಚಿ ಬಂದ್ ಮಾಡಿದ್ದು ನೆನಪಿದೆಯಲ್ಲ. ಆದರೆ ಗಿರಾಕಿಗೆ ನಮ್ಮ ಕಷ್ಟ ಬೇಕಿಲ್ಲ. ವೈನ್ ಶಾಪಿನಿಂದ ಕ್ವಾರ್ಟರ್ ತಗೊಂಡು ಮನೆಯಲ್ಲೇ ಕುಡಿದರೆ ಅರ್ಧ ಖರ್ಚು ಉಳಿಯುತ್ತದೆ ಎಂದು ಅವನಿಗೆ ಗೊತ್ತಾಗಿದೆ. ವ್ಹಿಸ್ಕಿ ಸೋಡಾ ಮನೆಯಲ್ಲೂ ಅದೇ, ನಮ್ಮಲ್ಲೂ ಅದೇ. ಮನೆಯಲ್ಲಿ ಸಿಗದ್ದು ಒಂದಾದರೂ ನಮ್ಮ ಮೆನು ಕಾರ್ಡಿನಲ್ಲಿ ಬೇಡವೇ?

ಈ ಯೋಚನೆಯಲ್ಲಿದ್ದಾಗ ಸಿಕ್ಕಿದ್ದು ಶಂಖಪುಷ್ಪ. ಊರಿನಲ್ಲಿ ಬೇಲಿಯ ಮೇಲೆ ಹಬ್ಬಿಕೊಂಡಿರುವ ಅದೇ ನೀಲಿ ಹೂವು. ಮರಾಠಿಯವರು ಇದನ್ನು ಗೋಕರ್ಣ ಎನ್ನುತ್ತಾರೆ, ಹಿಂದಿಯಲ್ಲಿ ಅಪರಾಜಿತಾ. ಬಿಸಿ ನೀರಿಗೆ ಹಾಕಿದರೆ ನೀರು ಗಾಢ ನೀಲಿಯಾಗುತ್ತದೆ, ಅದಕ್ಕೆ ನಿಂಬೆ ಹಿಂಡಿದರೆ ಮೊದಲು ನೇರಳೆ, ಇನ್ನೂ ಹಿಂಡಿದರೆ ಗುಲಾಬಿ. ಅಡುಗೆ ಸೋಡಾ ಬಿದ್ದರೆ ಹಸಿರು. ಹೂವಿನಲ್ಲಿರುವ ಆಂಥೋಸಯನಿನ್ ಎಂಬ ಬಣ್ಣದ ಅಂಶ ಹುಳಿಗೆ ತಕ್ಕ ಹಾಗೆ ರೂಪ ಬದಲಿಸುವುದೇ ಇದಕ್ಕೆ ಕಾರಣ. ಬೇರೆ ಕೆಮಿಕಲ್ ಏನೂ ಇಲ್ಲ. ಥಾಯ್ಲೆಂಡಿನಲ್ಲಿ ಇದರ ಶರಬತ್ತು ಮಾಡುತ್ತಾರೆ, ಮಲೇಷ್ಯಾದಲ್ಲಿ ಇದರಿಂದ ನೀಲಿ ಅನ್ನವನ್ನೇ ಮಾಡಿ ಬಡಿಸುತ್ತಾರೆ. ಆಸ್ಟ್ರೇಲಿಯಾದ ಹಸ್ಕ್ ಎಂಬ ಡಿಸ್ಟಿಲರಿ 2015ರಲ್ಲೇ ಈ ಹೂವಿನ ಜಿನ್ ತಂದಿತು. 2017ರಲ್ಲಿ ಕೆನಡಾದ ವಿಕ್ಟೋರಿಯಾ ಊರಿನಿಂದ ಎಂಪ್ರೆಸ್ 1908 ಎಂಬ ಜಿನ್ ಬಂತು. ಆ 1908 ಎಂಬುದು ಅಲ್ಲಿನ ಎಂಪ್ರೆಸ್ ಹೋಟೆಲ್ ಬಾಗಿಲು ತೆರೆದ ವರ್ಷ. ಒಂದು ಹೋಟೆಲಿನ ಚಹಾದಿಂದ ಹುಟ್ಟಿದ ಜಿನ್ ಅದು. ನಮ್ಮ ಬೇಲಿಯ ಹೂವು ಅವರ ಬಾಟಲಿಯಲ್ಲಿ ಕೂತು ಡಾಲರ್ ಎಣಿಸುತ್ತಿದೆ.

ಆದರೆ ಬಣ್ಣ ಒಂದೇ ಸಾಲದು. ಈ ಹೂವಿಗೆ ರುಚಿ ಎಂಬುದು ಇಲ್ಲವೆಂದೇ ಹೇಳಬೇಕು, ಹೆಚ್ಚು ಹೊತ್ತು ನೆನೆಸಿದರೆ ಹುಲ್ಲಿನ ವಾಸನೆ ಬರುತ್ತದೆ ಅಷ್ಟೆ. ಗಿರಾಕಿ ಒಮ್ಮೆ ಫೋಟೋ ತೆಗೆಯುತ್ತಾನೆ, ಎರಡನೇ ಗ್ಲಾಸು ಹೇಳುವುದಿಲ್ಲ. ಅದಕ್ಕೆ ಒಂದು ಗಟ್ಟಿ ರುಚಿಯ ಪಾನೀಯ ಬೇಕಿತ್ತು. ಅದು ಸಿಕ್ಕಿದ್ದು ನಮ್ಮ ಕರಾವಳಿಯಲ್ಲೇ.

ಪಂಚ್ ಎಂದರೆ ಈಗ ನಮ್ಮ ಮೆನು ಕಾರ್ಡಿನಲ್ಲಿ ಫ್ರೂಟ್ ಪಂಚ್ ಮಾತ್ರ. ಡಬ್ಬದ ಜ್ಯೂಸ್, ಮೇಲೆ ಒಂದು ಚೆರ್ರಿ. ಮೂಲ ಪಂಚ್ ಬೇರೆಯೇ. ಈಸ್ಟ್ ಇಂಡಿಯಾ ಕಂಪನಿಯ ಒಬ್ಬ ಇಂಗ್ಲಿಷ್ ನೌಕರ 1632ರಲ್ಲಿ ಬರೆದ ಕಾಗದದಲ್ಲಿ ಈ ಹೆಸರು ಬರುತ್ತದೆ. 1638ರಲ್ಲಿ ಸೂರತ್ತಿಗೆ ಬಂದ ಮಾಂಡೆಲ್ಸ್ಲೋ ಎಂಬ ಜರ್ಮನ್ ಪ್ರವಾಸಿ, ಅಲ್ಲಿ ಇಂಗ್ಲಿಷರು ಮದ್ಯ, ಪನ್ನೀರು, ನಿಂಬೆ ಜಾತಿಯ ಹಣ್ಣಿನ ರಸ ಮತ್ತು ಸಕ್ಕರೆ ಸೇರಿಸಿ ಕುಡಿಯುತ್ತಿದ್ದರು ಎಂದು ಬರೆದಿದ್ದಾನೆ. 1660ರ ದಶಕದಲ್ಲಿ ಬಂಗಾಳ ಕಂಡ ಫ್ರೆಂಚ್ ವೈದ್ಯ ಬರ್ನಿಯೆ ಹೇಳುವುದು ಅರಾಕ್, ನಿಂಬೆರಸ, ನೀರು, ಮೇಲೆ ತುರಿದ ಜಾಯಿಕಾಯಿ. ಹೆಚ್ಚು ಕುಡಿದರೆ ದೇಹ ಕೆಡುತ್ತದೆ ಎಂಬ ಎಚ್ಚರಿಕೆಯನ್ನೂ ಅವನು ಕೊಟ್ಟಿದ್ದಾನೆ.

ಇವರೆಲ್ಲರಿಗಿಂತ ನಮಗೆ ಹತ್ತಿರದವನು ಜಾನ್ ಫ್ರಯರ್ ಎಂಬ ಇಂಗ್ಲಿಷ್ ಡಾಕ್ಟರ್. 1670ರ ದಶಕದಲ್ಲಿ ಮುಂಬಯಿ, ಗೋವಾ, ಕಾರವಾರ, ಗೋಕರ್ಣ ಎಲ್ಲ ಸುತ್ತಿದವನು. ಗೋವಾದ ಅರಾಕ್‌ನಿಂದ ಈ ಕರಾವಳಿಯ ಇಂಗ್ಲಿಷರು ಪಂಚ್ ಮಾಡುತ್ತಾರೆ, ಐದು ಸಾಮಗ್ರಿ ಸೇರುವುದರಿಂದ ಹಿಂದೂಸ್ತಾನಿಯ ಐದು ಎಂಬ ಪದವೇ ಅದರ ಹೆಸರಾಯಿತು ಎಂದು ಅವನು ಬರೆದ. ಹೆಸರಿನ ಬಗ್ಗೆ ವಿದ್ವಾಂಸರಲ್ಲಿ ಬೇರೆ ಅಭಿಪ್ರಾಯಗಳೂ ಇವೆ, ಇರಲಿ. ಮದ್ಯ, ಸಕ್ಕರೆ, ಹುಳಿ, ನೀರು, ಮಸಾಲೆ. ಪಂಚಕಜ್ಜಾಯ, ಪಂಚಾಮೃತ ಎಂದು ಎಣಿಸಿ ಗೊತ್ತಿರುವ ನಮಗೆ ಈ ಲೆಕ್ಕ ಹೊಸತಲ್ಲ. ಇಲ್ಲಿಂದ ಹಡಗು ಹತ್ತಿ ಹೋದ ಪಂಚ್ ಲಂಡನ್ನಿನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಮೆರೆಯಿತು. ದೊಡ್ಡ ಬೋಗುಣಿಯಲ್ಲಿ ಮಾಡಿ ಹತ್ತು ಜನ ಕೂತು ಕುಡಿಯುತ್ತಿದ್ದರು. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಗ್ಲಾಸಿನ ಕಾಕ್ಟೇಲ್ ಬಂತು, ಬೋಗುಣಿ ಅಟ್ಟಕ್ಕೆ ಹೋಯಿತು. ಹುಟ್ಟಿದ ನಾಡಿನಲ್ಲಂತೂ ಪೆಗ್ಗು ಸೋಡಾದ ಮುಂದೆ ಪಂಚ್‌ನ ಹೆಸರೇ ಅಳಿಯಿತು.

ಅರಾಕ್ ಬದಲು ಜಿನ್ ಏಕೆ ಎಂದು ಕೇಳಬಹುದು. ಒಂದು, ಜಿನ್ ನೀರಿನಂತೆ ಬಣ್ಣವಿಲ್ಲದ್ದು. ಹೂವಿನ ನೀಲಿ ಅದರಲ್ಲಿ ಚೆನ್ನಾಗಿ ಕಾಣುತ್ತದೆ, ರಮ್ಮಿನಲ್ಲಿ ಕಾಣುವುದಿಲ್ಲ. ಎರಡು, ಜಿನ್ ಹಾಕಿದ ಪಂಚ್ ಲಂಡನ್ನಿನಲ್ಲೂ ಇತ್ತು. ಅಲ್ಲಿನ ಗ್ಯಾರಿಕ್ ಕ್ಲಬ್ಬಿನ ಜಿನ್ ಪಂಚ್ 1830ರ ದಶಕದಲ್ಲೇ ಹೆಸರುವಾಸಿ. ಆದ್ದರಿಂದ ನಾವೇನೂ ಹೊಸದಾಗಿ ಸುಳ್ಳು ಕಟ್ಟಿದಂತಾಗುವುದಿಲ್ಲ.

ಇನ್ನು ಮಾಡುವ ವಿಧಾನ. ಒಂದು ಲೀಟರ್ ನೀರು ಕುದಿಸಿ ಇಳಿಸಿ, ಕುದಿ ನಿಂತ ಮೇಲೆ 10 ಗ್ರಾಂ ಒಣ ಹೂವು ಹಾಕಿ. ಹತ್ತು ನಿಮಿಷ ಸಾಕು. ಸೋಸಿ ತಣಿಸಿ ಫ್ರಿಜ್ಜಿನಲ್ಲಿಡಿ, ಎರಡು ದಿನದೊಳಗೆ ಮುಗಿಸಿ. ಒಂದು ಗ್ಲಾಸಿಗೆ 60 ಎಂ.ಎಲ್. ಜಿನ್, 30 ಎಂ.ಎಲ್. ಹೂವಿನ ನೀರು, 20 ಎಂ.ಎಲ್. ಸಕ್ಕರೆ ಪಾಕ, 40 ಎಂ.ಎಲ್. ತಣ್ಣೀರು, ತುಂಬ ಐಸ್. ಮೇಲೆ ಜಾಯಿಕಾಯಿ ಒಂದೆರಡು ಸಲ ತುರಿದರೆ ಸಾಕು, ಹೆಚ್ಚಾದರೆ ಕಹಿ. ಪಾಕಕ್ಕೆ ಬಿಳಿ ಸಕ್ಕರೆ ಅಥವಾ ಕಲ್ಲುಸಕ್ಕರೆಯೇ ಆಗಬೇಕು. ಬೆಲ್ಲ ರುಚಿಗೆ ಒಳ್ಳೆಯದೇ, ಆದರೆ ನೀಲಿ ಹೋಗಿ ಕಷಾಯದ ಬಣ್ಣ ಬರುತ್ತದೆ.

ನಿಂಬೆರಸ 20 ಎಂ.ಎಲ್. ಇದನ್ನು ಗ್ಲಾಸಿಗೆ ಹಾಕಲೇಬಾರದು. ಚಿಕ್ಕ ಪೆಗ್ ಗ್ಲಾಸಿನಲ್ಲಿ ಬೇರೆ ಕೊಟ್ಟು ಮೇಜಿನ ಮೇಲೆ ಗಿರಾಕಿಯ ಕೈಯಿಂದಲೇ ಸುರಿಸಬೇಕು. ಎಲ್ಲ ಇರುವುದು ಇಲ್ಲಿ. ಬಾರ್ ಕೌಂಟರಿನ ಹಿಂದೆ ಬಣ್ಣ ಬದಲಾದರೆ ಗಿರಾಕಿಗೆ ತಲುಪುವುದು ಒಂದು ನೇರಳೆ ಶರಬತ್ತು ಮಾತ್ರ. ಟಾನಿಕ್ ವಾಟರಿನಲ್ಲಿ ಸಿಟ್ರಿಕ್ ಆ್ಯಸಿಡ್ ಇರುತ್ತದೆ, ಸೋಡಾದ ಗ್ಯಾಸಿನಲ್ಲೂ ಸ್ವಲ್ಪ ಹುಳಿ ಇದೆ. ಅವನ್ನು ಮೊದಲೇ ಹಾಕಿದರೆ ನೀಲಿ ಅಲ್ಲೇ ಕೆಡುತ್ತದೆ. ಅದಕ್ಕೇ ತಣ್ಣೀರು ಎಂದೆ. ನಮ್ಮಲ್ಲಿ ಮೊದಲ ದಿನ ಹಳೆಯ ಗಿರಾಕಿಯೊಬ್ಬರು ನೀಲಿ ಗ್ಲಾಸ್ ನೋಡಿ, "ಏನು ಶೇಠ್, ಶಾಯಿ ಕುಡಿಸುತ್ತೀರಾ?" ಎಂದರು. ನಿಂಬೆ ಸುರಿದ ಮೇಲೆ ಪಕ್ಕದ ಮೂರು ಟೇಬಲಿನವರು ಎದ್ದು ನೋಡಿದರು. ಆ ಸಂಜೆ ಬೇರೆ ಜಾಹೀರಾತು ಬೇಕಾಗಲಿಲ್ಲ.

ಶನಿವಾರ ರಾತ್ರಿಯ ಗದ್ದಲದಲ್ಲಿ ಇಷ್ಟೆಲ್ಲ ಅಳೆಯಲು ಪುರುಸೊತ್ತಿಲ್ಲ ಎನ್ನುವವರಿಗೆ ಸುಲಭದ ದಾರಿ ಇದೆ. ಹೂವಿನ ನೀರನ್ನೇ ಐಸ್ ಟ್ರೇಯಲ್ಲಿ ಹಾಕಿ ನೀಲಿ ಐಸ್ ಮಾಡಿಡಿ. ಜಿನ್, ಪಾಕ, ನಿಂಬೆ, ನೀರು ಸೇರಿಸಿದ ಗ್ಲಾಸಿಗೆ ಆ ಐಸ್ ಬಿಟ್ಟರೆ ಕರಗುತ್ತಾ ಕರಗುತ್ತಾ ತಾನೇ ನೇರಳೆಯಾಗುತ್ತದೆ. ಹೊಸ ಹುಡುಗನೂ ಮಾಡಬಲ್ಲ. ನಿಂಬೆ ತುಟ್ಟಿಯಾದಾಗ, 2022ರ ಏಪ್ರಿಲಿನಲ್ಲಿ ಆಗಿತ್ತಲ್ಲ ಹಾಗೆ, ಪುನರ್ಪುಳಿ ನೀರು ಹಾಕಿದರೂ ನಡೆಯುತ್ತದೆ. ಬಣ್ಣ ಸ್ವಲ್ಪ ಕೆಂಪು ಕಡೆಗೆ ವಾಲುತ್ತದೆ, ರುಚಿ ಮಾತ್ರ ನನಗೆ ನಿಂಬೆಗಿಂತ ಹೆಚ್ಚು ಹಿಡಿಸಿತು.

ಇದೇ ಪಾನೀಯವನ್ನು ಜಿನ್ ಇಲ್ಲದೆ, ತಣ್ಣೀರು ಹೆಚ್ಚಿಸಿ ಫ್ಯಾಮಿಲಿ ರೂಮಿಗೂ ಕೊಡಬಹುದು. ಮಕ್ಕಳಿಗೆ ಬಹಳ ಖುಷಿ. ಮೆನುವಿನಲ್ಲಿ ಎರಡಕ್ಕೂ ಬೇರೆ ಹೆಸರು, ಬೇರೆ ಆಕಾರದ ಗ್ಲಾಸ್ ಇಡಿ. ನೋಡಲು ಎರಡೂ ಒಂದೇ, ವೈಟರ್ ಟ್ರೇ ಅದಲು ಬದಲಾದರೆ ಏನಾಗಬಹುದು ಎಂದು ಯೋಚಿಸಿ.

ಕಾನೂನಿನ ಕಡೆಯೂ ನೋಡಬೇಕು. ಕೆಲವರು ಹೂವನ್ನು ನೇರವಾಗಿ ಜಿನ್ ಬಾಟಲಿಗೇ ಹಾಕಿ ಇಡುತ್ತಾರೆ. ಬಣ್ಣ ಒಂದೆರಡು ಗಂಟೆಯಲ್ಲಿ ಚೆನ್ನಾಗಿ ಬಿಡುತ್ತದೆ, ನಿಜ. ಆದರೆ ಬಣ್ಣ ಬದಲಾದ ಬಾಟಲಿ ಕೌಂಟರಿನಲ್ಲಿದ್ದರೆ ಅಬಕಾರಿ ಇನ್‌ಸ್ಪೆಕ್ಟರಿಗೆ ಏನು ಉತ್ತರ ಹೇಳುತ್ತೀರಿ? ಬಾಟಲಿಗೆ ಕೈ ಹಾಕಬೇಡಿ, ಬೆರಕೆ ಏನಿದ್ದರೂ ಗ್ಲಾಸಿನಲ್ಲೇ ಆಗಲಿ. ಇನ್ನು ಬಣ್ಣದ ಗ್ಲಾಸ್ ಎಂದರೆ ಕಾಲೇಜು ಹುಡುಗರ ಗುಂಪು ಬಂದೇ ಬರುತ್ತದೆ. ಮಹಾರಾಷ್ಟ್ರದಲ್ಲಿ ಜಿನ್ ಕುಡಿಯಲು 25 ವರ್ಷ ತುಂಬಿರಬೇಕು. ಗುರುತಿನ ಚೀಟಿ ಕೇಳಲು ನಾಚಿಕೆ ಬೇಡ ಎಂದು ಕ್ಯಾಪ್ಟನ್‌ಗೆ ಗಟ್ಟಿಯಾಗಿ ಹೇಳಿಡಿ.

ಹೂವಿನ ಬಗ್ಗೆ ಎರಡು ಮಾತು. ಅಮೆರಿಕದ ಎಫ್‌ಡಿಎ 2021ರಲ್ಲಿ ಇದರ ಸಾರವನ್ನು ಪಾನೀಯಗಳ ಬಣ್ಣವಾಗಿ ಒಪ್ಪಿದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಮಾತ್ರ 2022ರಲ್ಲಿ ಒಣ ಹೂವಿನ ಬಗ್ಗೆ ಆಕ್ಷೇಪ ಎತ್ತಿತು. ಆದ್ದರಿಂದ ಹೇಳಿದ ಅಳತೆ ಮೀರಬೇಡಿ, ಗರ್ಭಿಣಿಯರಿಗೆ ಜಿನ್ ಇಲ್ಲದ್ದನ್ನೂ ಕೊಡಬೇಡಿ. ಪೂಜೆಗೆಂದು ಮಾರುವ ಹೂವಿಗೆ ಔಷಧಿ ಸಿಂಪಡಿಸಿರಬಹುದು, ಅದು ಬೇಡ. ತಿನ್ನಲೆಂದೇ ಪ್ಯಾಕ್ ಮಾಡಿದ ಒಣ ಹೂವನ್ನೇ ತನ್ನಿ. ಬೀಜ ಇದ್ದರೆ ಆರಿಸಿ ತೆಗೆಯಿರಿ, ಅದು ಹೊಟ್ಟೆ ಕೆಡಿಸುತ್ತದೆ.

ದೇವರಿಗೆ ಏರಿಸುವ ಹೂವನ್ನು ಜಿನ್ನಿಗೆ ಹಾಕುವುದು ಸರಿಯೇ ಎಂದು ನಮ್ಮ ಮನೆಯಲ್ಲೇ ಪ್ರಶ್ನೆ ಬಂತು. ದೇವರ ಮುಂದೆ ಒಡೆಯುವುದು ತೆಂಗಿನಕಾಯಿ, ಕಳ್ಳು ಇಳಿಯುವುದೂ ತೆಂಗಿನ ಮರದಿಂದಲೇ ಎಂದು ನಾನು ಹೇಳಿದೆ. ಒಪ್ಪಿಗೆ ಪೂರ್ತಿ ಸಿಕ್ಕಿಲ್ಲ. ಹಾಗಾಗಿ ಮನೆಯ ಬಾಲ್ಕನಿಯ ಬಳ್ಳಿಯ ಹೂವು ದೇವರಿಗೆ, ಹೋಟೆಲಿಗೆ ಪ್ಯಾಕೆಟ್ಟಿನದ್ದು. ಮುಂಬಯಿಯ ಮಳೆಗಾಲದಲ್ಲಿ ಈ ಪ್ಯಾಕೆಟ್ ಒಡೆದಿಟ್ಟರೆ ನಾಲ್ಕೇ ದಿನದಲ್ಲಿ ಹೂವು ತೇವ ಹಿಡಿದು ಬೂಸು ಬರುತ್ತದೆ, ಬಿಸಿಲು ತಾಗಿದರೆ ಬಣ್ಣ ಹೋಗುತ್ತದೆ. ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ ಕತ್ತಲಲ್ಲಿಡಿ, ಒಮ್ಮೆಗೆ ಕಾಲು ಕಿಲೋಗಿಂತ ಹೆಚ್ಚು ತರಿಸಬೇಡಿ.