ಟೆರಿಯರ್ ಮರಿಗೆ ಒಂದೇ ಒಂದು ಚೂರು

ಟೆರಿಯರ್ ಅನ್ನೋ ಹೆಸರಿನ ಬೇರು ಲ್ಯಾಟಿನ್‌ನ 'ಟೆರ್ರಾ', ಅಂದ್ರೆ ನೆಲ. ಬಿಲದೊಳಗೆ ನುಗ್ಗಿ ನರಿಯನ್ನು ಹೊರಗಟ್ಟಲಿ ಅಂತ ಬ್ರಿಟನ್ನಿನಲ್ಲಿ ಬೆಳೆಸಿದ ನಾಯಿಗಳಿವು. ಜ್ಯಾಕ್ ರಸೆಲ್ ಟೆರಿಯರ್‌ಗೆ ಆ ಹೆಸರು ಬಂದದ್ದು 19ನೇ ಶತಮಾನದಲ್ಲಿ ಡೆವನ್‌ನಲ್ಲಿದ್ದ ಪಾದ್ರಿ ಜಾನ್ ರಸೆಲ್ ಅವರಿಂದ. ಬಿಲದ ಕತ್ತಲಲ್ಲಿ ಯಜಮಾನನ ಅಪ್ಪಣೆ ಕಾಯ್ತಾ ಕೂತ್ರೆ ಆಗಲ್ಲ, ನಾಯಿಯೇ ತೀರ್ಮಾನ ಮಾಡಬೇಕು. ನಾವು 'ಹಠಮಾರಿ' ಅಂತ ಬೈಯೋದು ಆ ಗುಣವನ್ನೇ.

ಊಟದ ಹೊತ್ತಿಗೆ ಬೊಗಳಿ ಚಪಾತಿ ಕೇಳೋ ಮರಿಗೆ ಅಮ್ಮ ವಾರವಿಡೀ ಕೊಡಲ್ಲ. ಶನಿವಾರ ಹಾಸ್ಟೆಲಿಂದ ಬಂದ ನೀವು 'ಪಾಪ, ಒಂದೇ ಚೂರು' ಅಂತೀರಿ. ಮರಿ ಕಲಿಯೋದೇನು? ಇನ್ನೂ ಸ್ವಲ್ಪ ಹೊತ್ತು ಬೊಗಳಿದ್ರೆ ಸಿಗುತ್ತೆ ಅಂತ. ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಕಂಡದ್ದೂ ಇದನ್ನೇ: ಪ್ರತಿ ಸಲ ಬಹುಮಾನ ಕೊಟ್ಟು ಕಲಿಸಿದ ಅಭ್ಯಾಸಕ್ಕಿಂತ ಯಾವಾಗಲೋ ಒಮ್ಮೆ ಕೊಟ್ಟು ಕಲಿಸಿದ್ದನ್ನು ಬಿಡಿಸೋದು ಕಷ್ಟ. (ರೀಲ್ಸ್ ನೋಡೋ ನಮ್ಮ ಬೆರಳಿಗೂ ಇದು ಗೊತ್ತು.)

ಕೊಡೋದು ನಿಲ್ಲಿಸಿದ ಮೊದಲ ದಿನಗಳಲ್ಲಿ ಬೊಗಳಾಟ ಜೋರಾಗಬಹುದು. ಹೆಚ್ಚಿನವರು ಸೋಲೋದು ಅಲ್ಲೇ. ಮರಿ ಎರಡು ಸೆಕೆಂಡ್ ಸುಮ್ಮನಾದ್ರೂ ಸಾಕು, ತಕ್ಷಣ ಅದರ ತಟ್ಟೆಗೆ ತಿಂಡಿ ಹಾಕಿ. ತಡವಾದ್ರೆ ಯಾವುದಕ್ಕೆ ಸಿಕ್ತು ಅಂತ ಅದಕ್ಕೆ ತಿಳಿಯಲ್ಲ. ಹೊಡೆಯೋದಂತೂ ಬೇಡವೇ ಬೇಡ, ಹೆದರಿದ ನಾಯಿ ಕಚ್ಚಬಹುದು. ನೆಲ ಅಗೆಯೋದು ಹುಟ್ಟುಗುಣ, ಅದಕ್ಕೆ ಅಂಗಳದಲ್ಲಿ ಒಂದು ಮರಳಿನ ಮೂಲೆ ಬಿಟ್ಟುಕೊಡಿ.

ಅಮ್ಮ 'ಕೂತ್ಕೋ' ಅಂದು ನೀವು 'ಸಿಟ್' ಅಂದ್ರೂ ಗೊಂದಲವೇ. ಶುಕ್ರವಾರ ಬಸ್ ಹತ್ತೋ ಮೊದಲು ಫೋನ್ ಮಾಡಿ, ಮನೇಲಿ ಯಾವ ಪದ ನಡೀತಿದೆ ಅಂತ ಕೇಳ್ಕೊಳ್ಳಿ.